ತಿದಿ ಮಲಗುವ ದಿನ

೨೦೧೭ರ ನವೆಂಬರ್ ೮, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ.

"ಮುಟ್ಬೇಡ್ರೀ ಅದನ್ನ! ಸಾಕ್ಷಿ ಅದು!"

ಎಂಜಿನ್ನಿನ ಮಾಲೀಕ ಒಗಿಸೊ ಬಾಗಿಲಲ್ಲೇ ಕೂಗಿದ. ಮೆಕ್ಯಾನಿಕ್ ನಗುಮೊ ಇವಾವೊ ಅವರ ಕೈ ಗಾಳಿಯಲ್ಲೇ ನಿಂತಿತು. ಕೈಯಲ್ಲಿದ್ದ ಬ್ರಷ್ಷಿನ ತುದಿಯಿಂದ ಸೀಮೆಎಣ್ಣೆ ತೊಟ್ಟಿಕ್ಕಿ ತಗಡಿನ ತಟ್ಟೆಗೆ ಬಿತ್ತು.

ಅವರ ಎದುರಿಗೆ, ಎರಡು ಮರದ ದಿಮ್ಮಿಗಳ ಮೇಲೆ, ಹಳೆಯ ಶಿರಾಸಾಗಿ ಕಾರಿನ ಎಂಜಿನ್ ಬ್ಲಾಕ್ ಕೂತಿತ್ತು. ಬಿಡಿಭಾಗಗಳನ್ನೆಲ್ಲ ಕಳಚಿಟ್ಟಿದ್ದರಿಂದ ಅದೀಗ ನಾಲ್ಕು ಬಾವಿಗಳಿರುವ ಬರಿಯ ಕಬ್ಬಿಣದ ಗಟ್ಟಿ. ತೂತುಗಳಿಗೆ ಮರದ ಬಿರಡೆ ಬಡಿದು, ನುಣುಪಾದ ಮುಖಗಳಿಗೆ ಅಂಟುಕಾಗದ ಹಚ್ಚಿ, ಹಳೆಯ ಬಣ್ಣ ಕೆರೆಯುವ ಮೊದಲು ಅದರ ಮೈ ತೊಳೆಯುವ ಕೆಲಸ ಮುಗಿಯುತ್ತ ಬಂದಿತ್ತು.

ಒಗಿಸೊನ ಬೆನ್ನಿಗೆ ಇನ್‌ಸ್ಪೆಕ್ಟರ್ ಹಿರುಮಾ ಒಳಗೆ ಬಂದ. ಮೂರು ವಾರದ ಹಿಂದೆ ಬಣ್ಣಕ್ಕೆಂದು ಬಿಟ್ಟುಹೋದ ಅಸಲಿ ಎಂಜಿನ್ನನ್ನು ನಗುಮೊ ಕದ್ದು ಮಾರಿಕೊಂಡು, ಅದರ ಜಾಗದಲ್ಲಿ ಬೇರೊಂದನ್ನು ಇಟ್ಟಿದ್ದಾರೆ ಎಂದು ಒಗಿಸೊ ದೂರು ಕೊಟ್ಟು ಎರಡು ದಿನವಾಗಿತ್ತು.

"ಬ್ಲಾಕ್ ಠಾಣೆಗೆ ಬರ್ಬೇಕು, ನಗುಮೊ ಅವ್ರೆ," ಎಂದ ಹಿರುಮಾ. ಅವನಿಗೆ ಈ ಮಾತು ಆಡಲು ಇಷ್ಟವಿರಲಿಲ್ಲ ಎಂಬುದು ದನಿಯಲ್ಲೇ ಇತ್ತು. "ಜೊತೆಗೆ ನೀವೂ."

"ಹಬ್ಬದ ದಿನಾನೇ ಬರ್ಬೇಕಾಗಿತ್ತಾ ನಿನಗೆ?" ಒಳಬಾಗಿಲಿನಿಂದ ನಗುಮೊ ಅವರ ಅಕ್ಕ ಕಿನು ಕೇಳಿದರು. ಕೈಯಲ್ಲಿ ಕಿತ್ತಳೆಯ ಬುಟ್ಟಿಯಿತ್ತು. "ಚಿಕ್ಕೋನಿದ್ದಾಗ ಇದೇ ದಿನ ಇದೇ ಬೀದೀಲಿ ಜೇಬು ಹರಿಯೋ ಹಾಗೆ ಕಿತ್ತಳೆ ತುಂಬ್ಕೊಂಡು ಓಡ್ತಿದ್ದೆ. ಈಗ ನಮ್ಮ ತಮ್ಮನ್ನ ತುಂಬ್ಕೊಂಡು ಹೋಗಕ್ಕೆ ಬಂದ್ಯಾ?"

ಹಿರುಮಾ ತಲೆ ತಗ್ಗಿಸಿದ.

ಕವಾಗುಚಿಯಲ್ಲಿ ಅಂದು ತಿದಿ ಹಬ್ಬ. ಎರಕದ ಮನೆಗಳಲ್ಲಿ ಕುಲುಮೆಗೆ ಗಾಳಿ ಊದುವ ತಿದಿಗೆ ವರ್ಷಕ್ಕೊಮ್ಮೆ, ನವೆಂಬರ್ ಎಂಟರಂದೇ, ಸಿಗುವ ರಜೆ. ಆ ದಿನ ಕುಲುಮೆಗೆ ಬೆಂಕಿಯಿಲ್ಲ. ತಿದಿಯ ಮುಂದೆ ಸಾಕೆ ಮದ್ಯ, ಅಕ್ಕಿ ಇಟ್ಟು ಕೈಮುಗಿದು, ಬೀದಿಯ ಮಕ್ಕಳಿಗೆ ಕಿತ್ತಳೆ ಎಸೆಯುತ್ತಾರೆ. ಹಳೆಯ ಎರಕದ ಮನೆಗಳ ಜಾಗದಲ್ಲಿ ಈಗ ಹೆಚ್ಚಾಗಿ ಎತ್ತರದ ವಸತಿ ಕಟ್ಟಡಗಳೆದ್ದಿವೆ. ನಗುಮೊ ಅವರದು ಎಂಜಿನ್ ಷೆಡ್ಡು, ಅಲ್ಲಿ ಕುಲುಮೆಯೇ ಇಲ್ಲ. ಆದರೂ ಎರಕದವರ ಮಗನಾದ ಅವರು ಇವತ್ತು ಬ್ಲಾಕನ್ನು ಒಣಗಿಸಲು ಗ್ಯಾಸ್ ದೀವಟಿಗೆ ಮುಟ್ಟಿರಲಿಲ್ಲ. ಬಿಸಿನೀರು, ಸಾಬೂನು, ಸೀಮೆಎಣ್ಣೆ, ಪಂಪಿನ ಗಾಳಿ ಅಷ್ಟೇ. "ಅಡುಗೆ ಒಲೆಗೆ ಮಾತ್ರ ಮಾಫಿ, ಇಲ್ದಿದ್ರೆ ಟೀ ಎಲ್ಲಿಂದ ಬರ್ಬೇಕು" ಎಂದು ಬೆಳಿಗ್ಗೆ ತಾವೇ ನಕ್ಕಿದ್ದರು.

"ಒಂದರ್ಧ ಗಂಟೆ ಕೊಡಿ, ಹಿರುಮಾ."

ಮೂಲೆಯ ಸ್ಟೂಲಿನಿಂದ ಸಗಿಸಾಕಾ ತೊಕಿಯೆ ಎದ್ದಳು. ಪೊಲೀಸ್ ಪ್ರಯೋಗಾಲಯದಲ್ಲಿ ಅರ್ಧ ಆಯುಷ್ಯ ಬಣ್ಣದ ಚೂರುಗಳ ಮೇಲೆ ಬಗ್ಗಿ ಕಳೆದವಳು. ಈಗ ಸ್ವಂತವಾಗಿ ಪತ್ತೆ ಕೆಲಸ ಮಾಡುತ್ತಾಳೆ. ಕಿನು ನಿನ್ನೆ ಅವಳ ಮನೆ ಬಾಗಿಲು ತಟ್ಟಿ ಒಂದೇ ಮಾತು ಹೇಳಿದ್ದರು: "ನಮ್ಮಪ್ಪನ ಹೆಸರು ಹೋಯ್ತು. ಇನ್ನು ಇವನದ್ದೂ ಹೋದ್ರೆ ನಾವು ಈ ಊರಲ್ಲಿ ತಲೆ ಎತ್ತಕ್ಕಾಗಲ್ಲ."

"ಅರ್ಧ ಗಂಟೆ ಯಾಕೆ?" ಒಗಿಸೊ ಫೋನನ್ನು ಹಿರುಮಾನ ಮೂಗಿನ ಹತ್ತಿರ ಹಿಡಿದ. ದುಬಾರಿ ಕೋಟು, ಸಣ್ಣ ಕಣ್ಣು, ಐವತ್ತು ದಾಟಿದ ಆಸಾಮಿ. "ಅರ್ಧ ನಿಮಿಷ ಸಾಕು. ಹೋದ ವರ್ಷ ತೆಗೆದ ಫೋಟೊ ಇದು. ಎಂಜಿನ್ ಯಾವ ಬಣ್ಣ?"

"ಹಸಿರು."

"ಈಗ ಇಲ್ನೋಡಿ. ಇದು ಯಾವ ಬಣ್ಣ?"

ಹಿರುಮಾ ಬ್ಲಾಕಿನತ್ತ ನೋಡಿದ. ತೊಳೆದ ಮೈ ಬೆಳಗಿನ ಬೆಳಕಿಗೆ ಮಂಕಾಗಿ ಹೊಳೆಯಿತು. "ನೀಲಿ."

"ಮುಗೀತಲ್ಲ! ಹಸಿರು ಕೊಟ್ಟೆ, ನೀಲಿ ಇಟ್ಟಿದ್ದಾನೆ. ಇದಕ್ಕೆ ಪತ್ತೇದಾರಿಣಿ ಬೇರೆ ಬೇಕಾ?" ಒಗಿಸೊ ನಗುಮೊ ಅವರತ್ತ ತಿರುಗಿದ. "ಕುಡುಕನ ಮಗ. ಇನ್ನೇನು ಮಾಡ್ತಾನೆ."

ಕಿನು ಅವರ ಬುಟ್ಟಿಯಿಂದ ಒಂದು ಕಿತ್ತಳೆ ಉರುಳಿ ನೆಲದ ಮೇಲೆ ಓಡಿತು. ಯಾರೂ ಅದನ್ನು ಎತ್ತಲಿಲ್ಲ.

ಒಳಕೋಣೆಯ ಪೂಜೆಯ ಗೂಡಿನಲ್ಲಿ ಆ ಕುಡುಕನೆನಿಸಿಕೊಂಡವನ ಚಿತ್ರವಿತ್ತು. ಹೆಸರು ಗೆನ್‌ಪಾಚಿ. ಶಿರಾಸಾಗಿ ಬ್ಲಾಕುಗಳನ್ನೆಲ್ಲ ಎರಕ ಹೊಯ್ಯುತ್ತಿದ್ದ ಒಗಿಸೊ ಕುಟುಂಬದ ಎರಕದ ಮನೆಯಲ್ಲಿ ಮರಳಿನ ಅಚ್ಚು ಕಟ್ಟುತ್ತಿದ್ದವರು. ಒಂದು ತಿದಿ ಹಬ್ಬದ ದಿನ, ಬೀಗ ಹಾಕಿದ್ದ ಎರಕದ ಮನೆಗೆ ಕುಡಿದು ನುಗ್ಗಿ, ಹೊಂಡಕ್ಕೆ ಬಿದ್ದು ಸತ್ತರು ಎಂದು ಊರೆಲ್ಲ ನಂಬಿತ್ತು. ಹಾಗೆಂದು ಹೇಳಿದವನು ಎರಕದ ಮನೆಯ ಯಜಮಾನ, ಈ ಒಗಿಸೊನ ಅಪ್ಪ. ಶವಸಂಸ್ಕಾರದ ಖರ್ಚನ್ನೂ ಅವನೇ ಕೊಟ್ಟು ದೊಡ್ಡ ಮನುಷ್ಯ ಎನಿಸಿಕೊಂಡಿದ್ದ. ಕಿನು ಅವರಿಗೆ ನಿಶ್ಚಯವಾಗಿದ್ದ ಮದುವೆ ಆ ತಿಂಗಳೇ ಮುರಿದುಬಿತ್ತು. ಇವತ್ತು ಆ ಸಾವಿನ ವರ್ಷದ ದಿನ ಕೂಡ.

ತೊಕಿಯೆ ಬಗ್ಗಿ ಕಿತ್ತಳೆ ಎತ್ತಿಕೊಂಡಳು. "ನಗುಮೊ ಅವ್ರೆ, ಸಾಕ್ಷಿಪಟ್ಟಿ ಬಿಟ್ಟಿದ್ದೀರಾ?"

"ಬಿಡದೆ ಇರ್ತೀನಾ?" ನಗುಮೊ ಬ್ರಷ್ಷಿನ ಹಿಡಿಯಿಂದ ಬ್ಲಾಕಿನ ಬಲಮಗ್ಗುಲ ಕೆಳಭಾಗವನ್ನು ತೋರಿಸಿದರು. "ಈಗ ತೊಳೆಯೋಣ ಅಂತ ಬ್ರಷ್ ಎತ್ತಿದ್ದೆ. ಇವ್ರು ಕೂಗದೆ ಇದ್ದಿದ್ರೆ ಹೋಗ್ತಿತ್ತು."

"ಹಾಗಾದ್ರೆ ಒಗಿಸೊ ಅವ್ರಿಗೆ ಥ್ಯಾಂಕ್ಸ್ ಹೇಳ್ಬೇಕು," ಎಂದಳು ತೊಕಿಯೆ.

ಇದು ನಗುಮೊ ಅವರ ಪದ್ಧತಿ. ಎಷ್ಟೇ ಕೊಳಕು ಎಂಜಿನ್ ಬರಲಿ, ಅಂಗೈ ಅಗಲದ ಒಂದು ಪಟ್ಟಿಯನ್ನು ಕೊನೆಯವರೆಗೂ ತೊಳೆಯುವುದಿಲ್ಲ. ಬಂದಾಗ ಹೇಗಿತ್ತು ಎನ್ನುವುದಕ್ಕೆ ಕಬ್ಬಿಣವೇ ಉತ್ತರ ಕೊಡಬೇಕು ಎನ್ನುತ್ತಾರೆ. ಆ ಪಟ್ಟಿಯ ಮೇಲೆ ಎಣ್ಣೆಯ ಜಿಡ್ಡು ತೆಳುವಾಗಿದ್ದ ಕಡೆ ಬಣ್ಣ ಕಾಣುತ್ತಿತ್ತು. ಸ್ಪಷ್ಟವಾಗಿ ಹಸಿರು.

"ಹಿರುಮಾ, ಇದು ಯಾವ ಬಣ್ಣ?"

"ಹಸಿ..." ಹಿರುಮಾ ಬಗ್ಗಿದ. "ಅರೆ!"

ತೊಕಿಯೆ ಚೀಲದಿಂದ ಸಣ್ಣ ಸೀಸೆಯನ್ನೂ ಹತ್ತಿಯ ಉಂಡೆಗಳನ್ನೂ ತೆಗೆದಳು. ಒಂದು ಉಂಡೆಯನ್ನು ಅದ್ದಿ, ಪಟ್ಟಿಯ ಮೇಲೆ ನಾಣ್ಯದಷ್ಟು ಜಾಗವನ್ನು ಸುತ್ತಿ ಸುತ್ತಿ ಉಜ್ಜಿದಳು. ಹತ್ತಿ ಕಂದಾಯಿತು. ಎರಡನೆಯದು ಟೀ ಬಣ್ಣಕ್ಕೆ ಬಂತು. ಮತ್ತೂ ಉಜ್ಜಿದಳು. ಕೊನೆಯ ಉಂಡೆ ಬಿಳಿಯಾಗಿಯೇ ಉಳಿಯಿತು.

ಹಸಿರಿನ ನಡುವೆ ನಾಣ್ಯದಷ್ಟು ನೀಲಿ ಕಣ್ಣು ಬಿಟ್ಟಿತು.

"ಬಿಸಿಯಲ್ಲಿ ಬೆಂದ ಎಣ್ಣೆ ವರ್ಷಗಟ್ಟಲೆ ಹೀಗೆ ಹಳದಿ ಪೊರೆಯಾಗಿ ಕೂರುತ್ತೆ," ಎಂದಳು. "ನೀಲಿ ಮೇಲೆ ಹಳದಿ ಕೂತ್ರೆ ಏನು ಕಾಣುತ್ತೆ, ಹಿರುಮಾ?"

"ಹಸಿರು," ಎಂದ ಹಿರುಮಾ, ಮೇಷ್ಟ್ರ ಮುಂದೆ ನಿಂತ ಹುಡುಗನಂತೆ.

"ಹಸಿರು ಎಂಜಿನ್ನೇ ಇರಲಿಲ್ಲ. ಕೊಳೆಯಾದ ನೀಲಿ ಎಂಜಿನ್ ಇತ್ತು."

"ಆಟ!" ಒಗಿಸೊ ಕೈ ಒದರಿದ. "ಯಾವುದೋ ನೀಲಿ ಎಂಜಿನ್ ತಂದು ಒಂದು ಮೂಲೆಗೆ ಜಿಡ್ಡು ಮೆತ್ತಿದ್ರೂ ಹೀಗೇ ಕಾಣುತ್ತೆ!"

"ಕಾಣುತ್ತೆ," ಎಂದು ತೊಕಿಯೆ ಒಪ್ಪಿಕೊಂಡಳು. "ನಿಮ್ಮ ಫೋಟೊ ಸ್ವಲ್ಪ ಕೊಡ್ತೀರಾ?"

ಅವನು ಕೊಡಲು ತಡಮಾಡಿದ. ಹಿರುಮಾ ಕೈ ಚಾಚಿ ತಾನೇ ಇಸಿದುಕೊಂಡ.

ತೊಕಿಯೆ ಚಿತ್ರವನ್ನು ಹಿಗ್ಗಿಸಿದಳು. ಬ್ಲಾಕಿನ ಬಲಮಗ್ಗುಲು, ಕೆಳಗೆ. ಅಲ್ಲಿ ಬಣ್ಣ ಹೆಚ್ಚಾಗಿ ಹರಿದು, ಹೆಪ್ಪುಗಟ್ಟಿ, ಗೊದಮೊಟ್ಟೆಯ ಹಾಗೆ ಒಂದು ಹನಿಯಾಗಿತ್ತು. ಕಬ್ಬಿಣದ ಏಣು ಅಡ್ಡ ಬಂದದ್ದರಿಂದ ಅದರ ಬಾಲ ಎಡಕ್ಕೆ ಸೊಟ್ಟಗಾಗಿತ್ತು.

ಅವಳು ಏನೂ ಹೇಳದೆ ಬೆರಳಿನಿಂದ ಸಾಕ್ಷಿಪಟ್ಟಿಯ ಮೇಲ್ತುದಿಯನ್ನು ತೋರಿಸಿದಳು. ಅಲ್ಲಿಯೂ ಗೊದಮೊಟ್ಟೆ. ಬಾಲ ಎಡಕ್ಕೆ ಸೊಟ್ಟ. ತಲೆಯ ಮೇಲೆ ಒಂದು ಗುಳ್ಳೆ ಒಡೆದ ಗುಳಿ. ಚಿತ್ರದಲ್ಲೂ ಅದೇ ಗುಳಿ.

ಹಿರುಮಾ ಫೋನನ್ನೂ ಬ್ಲಾಕನ್ನೂ ಎರಡು ಮೂರು ಸಲ ನೋಡಿದ. ಆಮೇಲೆ ನೇರ ನಿಂತು ಟೋಪಿ ಸರಿಮಾಡಿಕೊಂಡ.

"ಒಗಿಸೊ ಅವ್ರೆ, ಇದು ನಿಮ್ಮ ಎಂಜಿನ್ನೇ. ಕಳುವೇ ಆಗಿಲ್ಲ. ದೂರು ವಾಪಸ್ ತಗೋತೀರಾ, ಇಲ್ಲ ಸುಳ್ಳು ದೂರು ಅಂತ ನಾನೇ ಬೇರೆ ಬರ್ಕೊಳ್ಳಾ?"

ಷೆಡ್ಡಿನಲ್ಲಿ ಯಾರೋ ಉಸಿರು ಬಿಟ್ಟ ಸದ್ದು ಕೇಳಿಸಿತು. ಅದು ತನ್ನದೇ ಎಂದು ತೊಕಿಯೆಗೆ ಒಂದು ಕ್ಷಣ ತಡವಾಗಿ ಗೊತ್ತಾಯಿತು. ಕಿನು ಬುಟ್ಟಿಯನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದ್ದರು. ನಗುಮೊ ಬ್ರಷ್ಷನ್ನು ತಟ್ಟೆಯಲ್ಲಿಟ್ಟು ಮೆಲ್ಲಗೆ ಮರದ ಪೆಟ್ಟಿಗೆಯ ಮೇಲೆ ಕೂತರು.

ಎಲ್ಲರಿಗೂ ನಿರಾಳ. ಒಬ್ಬನನ್ನು ಬಿಟ್ಟು.

ತೊಕಿಯೆ ಅದನ್ನೇ ಗಮನಿಸುತ್ತಿದ್ದಳು. ಕಳೆದುಹೋಯಿತು ಎಂದುಕೊಂಡ ವಸ್ತು ಕಣ್ಣೆದುರೇ ಸಿಕ್ಕಾಗ ಮನುಷ್ಯ ಹಿಗ್ಗುತ್ತಾನೆ, ಇಲ್ಲವೇ ನಾಚುತ್ತಾನೆ. ಒಗಿಸೊ ಎರಡನ್ನೂ ಮಾಡಲಿಲ್ಲ. ಅವನ ಸಣ್ಣ ಕಣ್ಣು ಆ ಕೊಳಕು ಪಟ್ಟಿಯನ್ನು ಬಿಟ್ಟು ಕದಲಲಿಲ್ಲ.

"ಸರಿ. ವಾಪಸ್ ತಗೋತೀನಿ," ಎಂದ ಕೊನೆಗೆ. "ತಪ್ಪು ತಿಳ್ಕೊಂಡಿದ್ದೆ. ಆದ್ರೆ ನಗುಮೊ, ಹಳೇ ಬಣ್ಣ ಕೆರೆಯೋದು ಬೇಡ. ತೊಳೆದದ್ದೂ ಸಾಕು. ಇದ್ದ ಹಾಗೇ ಮೇಲೆ ಹೊಸ ಬಣ್ಣ ಹೊಡೆದು ಕೊಡು."

"ಜಿಡ್ಡಿನ ಮೇಲೆ ಬಣ್ಣನಾ?" ನಗುಮೊ ಅವರಿಗೆ ಕಳ್ಳತನದ ಆರೋಪಕ್ಕೂ ಬಾರದ ಸಿಟ್ಟು ಈಗ ಬಂತು. "ಎಂಜಿನ್ ಒಂದು ಸಲ ಬಿಸಿಯಾದ್ರೆ ಮೀನಿನ ಹುರುಪೆ ಥರ ಎದ್ದು ಬರುತ್ತೆ. ಭಾನುವಾರಾನೇ ಫೋನ್ ಮಾಡಿ ಹೇಳಿದ್ನಲ್ಲ, ಬರೀ ಕಬ್ಬಿಣ ಕಾಣೋ ತನಕ ಕೆರೆಯದೆ ನಾನು ಡಬ್ಬಿ ಮುಚ್ಚಳಾನೇ ತೆಗೆಯಲ್ಲ ಅಂತ."

"ಹಾಗಿದ್ರೆ ನಿನ್ನ ಬಣ್ಣಾನೇ ಬೇಡ. ಮೂರು ಗಂಟೆಗೆ ಲಾರಿ ಕಳಿಸ್ತೀನಿ. ಅಲ್ಲೀವರೆಗೆ ಒಂದು ಚೂರು ಬಣ್ಣ ಉದುರಿದ್ರೂ ಕೇಸು."

ಅವನು ಹೊರಟುಹೋದ. ಹಿರುಮಾ ಹಿಂದೆಯೇ ಹೊರಟವನು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಏನೋ, ಮರೆತುಹೋಯ್ತಾ?" ಎಂದು ಕಿನು ಅವನ ಎರಡೂ ಜೇಬಿಗೆ ಕಿತ್ತಳೆ ತುರುಕಿದರು. "ಸಮವಸ್ತ್ರದ ಜೇಬು ಗಟ್ಟಿ ಇದೆ. ಹರಿಯಲ್ಲ. ಹೋಗು."

*

ಟೀ ಬಂತು. ಕೆಂಪು ಅವರೆಕಾಳು ಹಾಕಿದ ಅನ್ನ ಬಂತು. ನಗುಮೊ ಎರಡು ಬಟ್ಟಲು ಉಂಡರು. "ಎರಡು ದಿನದಿಂದ ಗಂಟಲಲ್ಲಿ ಇಳಿದಿರಲಿಲ್ಲ, ಈಗ ನೋಡಿ ಇವನ್ನ," ಎಂದು ಕಿನು ಗೊಣಗುತ್ತ ಮೂರನೆಯದನ್ನೂ ತುಂಬಿದರು.

ಕಿಟಕಿಯ ತಂತಿಗೆ ತಗಡಿನ ತುಂಡುಗಳು ತೂಗುತ್ತಿದ್ದವು. ಒಂದೊಂದಕ್ಕೂ ಒಂದೊಂದು ನೀಲಿ. ಶಿರಾಸಾಗಿಗೆ ಹೊಂದುವ ಬಣ್ಣ ಹುಡುಕಲು ನಗುಮೊ ಬೆರೆಸಿ ಹೊಡೆದ ಮಾದರಿಗಳು. ಪ್ರತಿಯೊಂದರ ಅರ್ಧವನ್ನು ಎಣ್ಣೆ ಸವರಿ ಒಲೆಯಲ್ಲಿ ಕಾಯಿಸಿದ್ದರು.

"ಕಾಯಿಸೋದು ಯಾಕೆ?" ಎಂದು ತೊಕಿಯೆ ಕೇಳಿದಳು. ಉತ್ತರ ಗೊತ್ತಿತ್ತು. ಆದರೂ ಅವರ ಬಾಯಿಂದ ಕೇಳುವುದು ಹಿತವಾಗಿತ್ತು.

"ಹೊಸ ಬಣ್ಣ ನಂಬಬಾರದು ಮೇಡಂ. ಮದುವೆ ದಿನ ಎಲ್ಲರೂ ಚೆನ್ನಾಗೇ ಕಾಣ್ತಾರೆ. ನಾಕು ಸಲ ಬೆಂದ ಮೇಲೆ ಮುಖ ಹೇಗಿರುತ್ತೆ ಅನ್ನೋದು ನೋಡ್ಬೇಕು."

"ನನಗೇನು ಗೊತ್ತಪ್ಪ ಮದುವೆ ವಿಷ್ಯ," ಎಂದರು ಕಿನು. "ನಾನು ಡಬ್ಬಿಯಲ್ಲೇ ಉಳಿದ ಬಣ್ಣ."

"ಅದಕ್ಕೇ ಇನ್ನೂ ಹೊಳೀತಿದೀಯ ಅಕ್ಕ."

ಕಿನು ಕಿತ್ತಳೆ ಸಿಪ್ಪೆಯಿಂದ ತಮ್ಮನಿಗೆ ಹೊಡೆದರು. ಮೂವರೂ ನಕ್ಕರು. ಆ ನಗುವಿನಲ್ಲಿ ಅಷ್ಟು ದೊಡ್ಡ ಹಾಸ್ಯವೇನೂ ಇರಲಿಲ್ಲ. ನಗುವುದಕ್ಕೆ ಜಾಗ ಸಿಕ್ಕಿತ್ತು, ಅಷ್ಟೇ.

ತೊಕಿಯೆ ತಗಡುಗಳನ್ನು ಒಂದೊಂದಾಗಿ ಬಿಚ್ಚಿ, ಬಾಗಿಲ ಬೆಳಕಿನಲ್ಲಿ, ತಾನು ಒರೆಸಿದ ನೀಲಿ ಕಣ್ಣಿನ ಪಕ್ಕ ಹಿಡಿದು ನೋಡಿದಳು. ಒಂದು ತೀರ ಆಕಾಶ. ಒಂದಕ್ಕೆ ನೇರಳೆಯ ಛಾಯೆ. ಬೂದಿ ಬೆರೆತಂಥ ಒಂದು ತುಂಡು ಬ್ಲಾಕಿನ ಮೈಯೊಳಗೇ ಕರಗಿಹೋದಂತೆ ಕಂಡಿತು.

"ಇದೇ," ಎಂದರು ನಗುಮೊ ಹಿಂದಿನಿಂದ. "ನಾನೂ ಇದನ್ನೇ ಅಂದ್ಕೊಂಡಿದ್ದೆ."

"ಲಾರಿ ಬರ್ತಿದೆಯಲ್ಲ. ಇನ್ನು ಯಾವುದಾದ್ರೇನು?"

"ಹಚ್ಚದೆ ಹೋದ್ರೂ ಯಾವುದು ಸರಿ ಅಂತ ಗೊತ್ತಾಗ್ಬೇಕಲ್ಲ ಮೇಡಂ." ಅವರು ತಗಡನ್ನು ಜೋಪಾನವಾಗಿ ಮೊಳೆಗೆ ಸಿಕ್ಕಿಸಿದರು. ಆಮೇಲೆ ಬ್ರಷ್ ಎತ್ತಿಕೊಂಡರು. "ಬಣ್ಣ ಮುಟ್ಟಲ್ಲ. ಆದ್ರೆ ಅರ್ಧ ಮುಖ ತೊಳೆದು ಯಾರನ್ನೂ ಮನೆಗೆ ಕಳಿಸಿಲ್ಲ ನಾನು. ಪಟ್ಟಿ ತೊಳೆದುಬಿಡ್ತೀನಿ."

ಜಿಡ್ಡು ಕರಗಿ ಕಪ್ಪಗೆ ಇಳಿಯಿತು. ಸಾಬೂನಿನ ಬಿಸಿನೀರು ಸುರಿದರು. ಮೊದಲು ನೀರು ಹನಿ ಹನಿಯಾಗಿ ನಿಂತಿತು. ಎಣ್ಣೆ ಇನ್ನೂ ಇದೆ ಎಂದು ಅರ್ಥ. ಮತ್ತೆ ತೊಳೆದರು. ಕೊನೆಗೆ ನೀರು ಒಂದೇ ಹಾಳೆಯಾಗಿ, ಎಲ್ಲೂ ಒಡೆಯದೆ, ಮೈಮೇಲೆ ಹರಡಿಕೊಂಡಿತು. ತೊಕಿಯೆಗೆ ಈ ಪರೀಕ್ಷೆ ಕಾಲೇಜಿನ ದಿನಗಳಿಂದಲೂ ಇಷ್ಟ. ನೀರಿಗೆ ಮುಲಾಜಿಲ್ಲ.

ಪಂಪಿನ ಗಾಳಿಗೆ ಅದು ಒಣಗಿದಾಗ ಅವಳ ಹುಬ್ಬು ಗಂಟಿಕ್ಕಿತು.

"ನಗುಮೊ ಅವ್ರೆ, ಮಿಕ್ಕ ಕಡೆಯೆಲ್ಲ ಬಣ್ಣ ತೆಳುವಾಗಿ ಒಂದೇ ಪದರ ಇದೆ. ಇಲ್ಲಿ ಮಾತ್ರ ಹರಿದು ಹನಿಯಾಗೋ ಅಷ್ಟು ಬಳಿದಿದ್ದಾರೆ. ಯಾಕೆ?"

"ಕಾರ್ಖಾನೆಯವ್ರು ಹೀಗೆ ಹೊಡೆಯಲ್ಲ," ಎಂದರು ಅವರು ನಿಧಾನವಾಗಿ. "ಇದು ಆಮೇಲೆ ಯಾರೋ ಕುಂಚದಲ್ಲಿ ಮಾಡಿದ ಕೆಲಸ."

ಒಗಿಸೊನ ಕಣ್ಣು ಕದಲದೆ ನಿಂತಿದ್ದ ಜಾಗ. ತೊಕಿಯೆ ಎದ್ದು ಷೆಡ್ಡಿನ ದೀಪ ಆರಿಸಿದಳು. ಬಾಗಿಲು ಎಳೆದು ಚಿಲಕ ಹಾಕಿದಳು. ಕೈದೀಪವನ್ನು ಬ್ಲಾಕಿನ ಮೈಗೆ ಒರಗಿಸಿದ ಹಾಗೆ, ತೀರ ಓರೆಯಾಗಿ ಹಿಡಿದಳು.

ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಯಿತು. ದಪ್ಪ ಬಣ್ಣದ ಕೆಳಗಿನಿಂದ, ರಜಾಯಿ ಹೊದ್ದು ಮಲಗಿದವರ ಮೊಣಕಾಲಿನ ಹಾಗೆ, ಉಬ್ಬು ಅಂಕಿಗಳು ನೆರಳು ಚೆಲ್ಲಿ ಎದ್ದವು.

೪೧ – ೧೧ – ೮.

"ಎರಕ ಹೊಯ್ದ ತಾರೀಖು," ಎಂದರು ನಗುಮೊ. "ಪ್ರತಿ ಬ್ಲಾಕಿನ ಮೇಲೂ ಇರುತ್ತೆ. ಶೋವಾ ಶಕೆಯ ನಲವತ್ತೊಂದು. ಅಂದ್ರೆ ಅರವತ್ತಾರನೇ ಇಸವಿ. ಹನ್ನೊಂದನೇ ತಿಂಗಳು, ಎಂಟನೇ..."

ಅವರು ನಿಲ್ಲಿಸಿದರು. ಮರುಕ್ಷಣ ತೊಡೆ ತಟ್ಟಿಕೊಂಡು ನಗತೊಡಗಿದರು.

"ನಕಲಿ! ಅಕ್ಕ, ಕೇಳಿದ್ಯಾ? ಒಗಿಸೊ ಇಷ್ಟು ವರ್ಷ ಮೆರೆಸಿದ್ದು ನಕಲಿ ಎಂಜಿನ್ನು! ಯಾವ ಪೆದ್ದ ಮಾಡಿದ್ನೋ, ಹೋಗೀ ಹೋಗೀ ತಿದಿ ಹಬ್ಬದ ತಾರೀಖು ಹಾಕಿದಾನೆ! ಕವಾಗುಚಿಯ ನಾಯಿಗೂ ಗೊತ್ತು ಅವತ್ತು ಎರಕ ಹೊಯ್ಯಲ್ಲ ಅಂತ!"

ತೊಕಿಯೆಗೂ ನಗು ಬಂತು. ಎಲ್ಲ ಸರಿಯಾಗಿ ಕೂಡಿಕೊಂಡಿತು. ಎಂಜಿನ್ ನಕಲಿ ಎಂದು ಒಗಿಸೊಗೆ ಗೊತ್ತು. ಕೆರೆದರೆ ತಾರೀಖು ಬಯಲಾಗುತ್ತದೆ, ಕಾರಿನ ಬೆಲೆ ಮಣ್ಣುಪಾಲು. ಕೆರೆಯುತ್ತೇನೆಂದು ನಗುಮೊ ಫೋನ್ ಮಾಡಿದ ಮರುದಿನವೇ ದೂರು. ಬ್ಲಾಕನ್ನು ಪೊಲೀಸರು ಹೊತ್ತುಕೊಂಡು ಹೋದರೆ ಕೆರೆಯುವವರೇ ಇಲ್ಲ. ಕ್ಷುದ್ರ ಮನುಷ್ಯನ ಕ್ಷುದ್ರ ಭಯ. ಅಷ್ಟೇ ಆಗಿದ್ದರೆ ಎಷ್ಟು ಚೆನ್ನ.

ಆದರೆ ಕಿನು ನಗುತ್ತಿರಲಿಲ್ಲ.

"ಇವಾವೊ," ಎಂದರು. "ಅಪ್ಪ ಹೋದದ್ದು ನಲವತ್ತೊಂದರಲ್ಲಿ."

ನಗುಮೊ ಅವರ ನಗು ಅರ್ಧಕ್ಕೆ ಕತ್ತರಿಸಿದಂತೆ ನಿಂತಿತು.

"ಅವತ್ತು ಬೆಳಿಗ್ಗೆ ಅಪ್ಪ ಊಟದ ಡಬ್ಬಿ ಕಟ್ಟಿಸ್ಕೊಂಡು ಹೋದ್ರು," ಎಂದರು ಕಿನು, ಗೋಡೆಗೆ ಹೇಳುವವರಂತೆ. "ಹಬ್ಬದ ದಿನ ಡಬ್ಬಿ ಯಾಕೆ ಅಂತ ಅಮ್ಮ ಕೇಳಿದ್ರು. ಅಪ್ಪ ನಕ್ಕು, ಬೂಟು ಹಾಕ್ಕೊಂಡು ಹೋದ್ರು. ಕುಡಿಯಕ್ಕೆ ಹೋಗೋರು ಡಬ್ಬಿ ತಗೊಂಡು ಹೋಗ್ತಾರಾ ಅಂತ ನಾನು ಪೊಲೀಸ್ರಿಗೆ ಹೇಳ್ದೆ. ಹೆಣ್ಣುಮಗಳ ಮಾತು ಯಾರು ಕೇಳ್ಬೇಕು?"

"ತಾರೀಖಿನ ಅಂಕಿ ಅಚ್ಚಿಗೆ ಕೂರಿಸ್ತಿದ್ದೋರು ಯಾರು?" ತೊಕಿಯೆ ಮೆಲ್ಲಗೆ ಕೇಳಿದಳು.

"ಅಚ್ಚು ಕಟ್ಟಿದೋರೇ," ಎಂದರು ನಗುಮೊ. "ಬೆಳಿಗ್ಗೆ ಹಸಿ ಮರಳಲ್ಲಿ ಅಚ್ಚು ಕಟ್ಟಿ, ಆ ದಿನದ ಅಂಕಿ ಒತ್ತಿ, ಅವತ್ತೇ ಹೊಯ್ಯಬೇಕು. ರಾತ್ರಿ ಕಳೆದ್ರೆ ಮರಳು ಒಣಗಿ ಉದುರುತ್ತೆ. ಮುಂಚೆನೇ ಹಾಕಿಡೋ ಹಾಗಿಲ್ಲ."

ತೊಕಿಯೆ ಪಂಪನ್ನು ಆರಿಸಿದಳು.

"ಊಹೆ ಬೇಡ," ಎಂದಳು. "ನಕಲಿ ಹೌದೋ ಅಲ್ಲವೋ ಅಳೆದು ನೋಡೋಣ. ನಕಲಿ ಮಾಡೋನ ಹತ್ರ ಕಾರ್ಖಾನೆಯ ಮರದ ಮಾದರಿ ಇರಲ್ಲ. ಒಂದು ಅಸಲಿ ಬ್ಲಾಕನ್ನೇ ಮರಳಲ್ಲಿ ಒತ್ತಿ ಅಚ್ಚು ತೆಗೀತಾನೆ. ಆಗ ಏನಾಗುತ್ತೆ?"

"ಕಬ್ಬಿಣ ಆರುವಾಗ ಕುಗ್ಗುತ್ತೆ." ನಗುಮೊ ಆಗಲೇ ಎದ್ದಿದ್ದರು. "ನೂರಕ್ಕೆ ಒಂದರಷ್ಟು. ಅಸಲಿ ಒಂದು ಸಲ ಕುಗ್ಗಿರುತ್ತೆ, ಮರದ ಮಾದರೀನ ಅದಕ್ಕೇ ದೊಡ್ಡದು ಮಾಡಿರ್ತಾರೆ. ನಕಲಿ ಅದಕ್ಕಿಂತ ಇನ್ನೊಂದು ಸಲ ಕುಗ್ಗುತ್ತೆ."

ಷೆಡ್ಡಿನ ಹಿಂದೆ, ಕಿನು ಹೂವಿನ ಕುಂಡ ಇಡುತ್ತಿದ್ದ ಒಡೆದ ಶಿರಾಸಾಗಿ ಬ್ಲಾಕೊಂದಿತ್ತು. ಕಾರ್ಖಾನೆಯಿಂದಲೇ ಬಂದದ್ದು, ಅದರ ಬಗ್ಗೆ ಅನುಮಾನವಿರಲಿಲ್ಲ. ನಗುಮೊ ಉದ್ದ ತೋಳಿನ ಅಳತೆ ಕಡ್ಡಿ ತಂದು, ಯಂತ್ರ ಮುಟ್ಟದ ಮೈಮೇಲಿನ ಎರಡು ಏಣುಗಳ ನಡುವೆ ಹಿಡಿದರು. ಒಂದು ತುದಿಯಿಂದ ಇನ್ನೊಂದಕ್ಕೆ ಮುನ್ನೂರ ಹದಿನೆಂಟು ಮಿಲಿಮೀಟರ್.

"ನಕಲಿಯಾದ್ರೆ ಮೂರು ಮಿಲಿಮೀಟರು ಕಡಿಮೆ ಬರ್ಬೇಕು," ಎಂದಳು ತೊಕಿಯೆ.

"ಕಡಿಮೆ ಬಂದ್ರೆ?" ಕಿನು ಕೇಳಿದರು.

"ಒಗಿಸೊ ಬರೀ ಸುಳ್ಳುಗಾರ. ನಕ್ಕು ಮರೀಬಹುದು."

"ಬರದಿದ್ರೆ?"

ತೊಕಿಯೆ ಆ ಮುದುಕಿಯ ಮುಖ ನೋಡಿದಳು. ಅರ್ಧ ಶತಮಾನ ಕಾದಿದ್ದ ಮುಖ. ಸುಳ್ಳು ಸಮಾಧಾನ ಅಲ್ಲಿ ನಿಲ್ಲುವಂತಿರಲಿಲ್ಲ.

"ಬರದಿದ್ರೆ ಈ ಬ್ಲಾಕ್ ಒಗಿಸೊ ಎರಕದ ಮನೇಲೇ ಹುಟ್ಟಿದ್ದು. ಅವತ್ತು ಅಲ್ಲಿ ಬೀಗ ಇರಲಿಲ್ಲ, ಕುಲುಮೆ ಉರೀತಿತ್ತು. ನಿಮ್ಮಪ್ಪ ಕುಡಿದು ಬಿದ್ದದ್ದಲ್ಲ. ಕೆಲಸ ಮಾಡ್ತಿದ್ರು. ಮತ್ತೆ, ಯಜಮಾನ ಅದನ್ನ ಮುಚ್ಚಿಟ್ಟ."

ಕಿನು ತಲೆಯಾಡಿಸಿದರು. ಒಳಗೆ ಹೋಗಿ, ಗೂಡಿನಿಂದ ಗೆನ್‌ಪಾಚಿಯವರ ಚಿತ್ರವನ್ನು ತಂದು, ಬ್ಲಾಕಿಗೆ ಎದುರಾಗಿ ಪೆಟ್ಟಿಗೆಯ ಮೇಲೆ ನಿಲ್ಲಿಸಿದರು. ಕೈದೀಪವನ್ನು ತೊಕಿಯೆಯ ಕೈಯಿಂದ ತಾವೇ ತೆಗೆದುಕೊಂಡು ಹಿಡಿದರು. ಬೆಳಕು ಒಂದಿಷ್ಟೂ ಅಲುಗಲಿಲ್ಲ.

ಬೀದಿಯಲ್ಲಿ ಲಾರಿಯೊಂದು ಹಿಮ್ಮುಖವಾಗಿ ಬರುವ ಪೀಂ ಪೀಂ ಸದ್ದು ಕೇಳಿಸಿತು. ಮೂರು ಗಂಟೆಗೆ ಇನ್ನೂ ಬಹಳ ಹೊತ್ತಿತ್ತು.

"ಅಳೆ, ಇವಾವೊ," ಎಂದರು ಕಿನು.

ನಗುಮೊ ಕಡ್ಡಿಯ ಒಂದು ತೋಳನ್ನು ಏಣಿನ ಅಂಚಿಗೆ ಆನಿಸಿ, ಇನ್ನೊಂದನ್ನು ಕೂದಲೆಳೆಯಷ್ಟೂ ಸಡಿಲ ಬಿಡದೆ ತಂದು ಕೂರಿಸಿದರು. ತಿರುಪು ಬಿಗಿದು, ಓದದೆ, ತೊಕಿಯೆಗೆ ಕೊಟ್ಟರು. ಅವರ ಕಣ್ಣು ತುಂಬಿತ್ತು.

ಹೊರಗೆ ಒಗಿಸೊ ಬಾಗಿಲು ಬಡಿಯತೊಡಗಿದ.

ತೊಕಿಯೆ ಕಡ್ಡಿಯನ್ನು ಬೆಳಕಿಗೆ ಹಿಡಿದು ಓದಿದಳು.

ಮುನ್ನೂರ ಹದಿನೆಂಟು ಮಿಲಿಮೀಟರ್.